ಕಾಕರಣೆ ಹಕ್ಕಿ ನೋಡಬೇಕಾ? ಕಿವಿಯಿಂದ ಶುರು ಮಾಡಿ

ಕಾಕರಣೆ ಹಕ್ಕಿಯನ್ನು ಇಂಗ್ಲಿಷಿನಲ್ಲಿ ಮಲಬಾರ್ ಟ್ರೋಗನ್ ಅನ್ನುತ್ತಾರೆ. ಇದು ತೀರಾ ಅಪರೂಪದ್ದೇನಲ್ಲ. ಪಶ್ಚಿಮ ಘಟ್ಟದ ಉದ್ದಕ್ಕೂ ದಟ್ಟ ಕಾಡು ಉಳಿದಿರುವ ಕಡೆ ಇದೆ. ಆದರೂ ವರ್ಷಗಟ್ಟಲೆ ಬೈನಾಕ್ಯುಲರ್ ಹೊತ್ತು ತಿರುಗಿದವರೇ "ಇನ್ನೂ ಸಿಕ್ಕಿಲ್ಲ ಕಣ್ರೀ" ಎಂದು ಕೊರಗುವುದನ್ನು ಕೇಳಿದ್ದೇನೆ. ಬಹಳ ಜನ ಗಂಡು ಹಕ್ಕಿಯ ಫೋಟೊ ನೋಡಿಕೊಂಡು ಬಂದು, ಎಲೆಗಳ ನಡುವೆ ಕೆಂಪು ಬಣ್ಣ ಹುಡುಕುತ್ತಾ ನಡೆಯುತ್ತಾರೆ. ಈ ಹಕ್ಕಿಗೆ ನಮ್ಮ ಕಡೆ ಬೆನ್ನು ಹಾಕಿ ಕೂರುವ ಚಾಳಿ. ಬೆನ್ನು ಕಂದು. ಹತ್ತು ಅಡಿ ದೂರದಲ್ಲಿ ಕೂತಿದ್ದರೂ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಬಣ್ಣ ಮರೆತುಬಿಡಿ. ಮೊದಲು ಕೂಗು ಕಲಿಯಿರಿ, ಆಮೇಲೆ ಆಕಾರ ಕಲಿಯಿರಿ, ಆಮೇಲೆ ಕಾಡಿನಲ್ಲಿ ನಿಲ್ಲುವುದನ್ನು ಕಲಿಯಿರಿ. ನಡೆಯುವುದಕ್ಕಿಂತ ನಿಲ್ಲುವುದೇ ಇಲ್ಲಿ ಜಾಸ್ತಿ.

ಚಹರೆ

ಉದ್ದ ಸುಮಾರು 31 ಸೆಂ.ಮೀ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬಾಲವೇ. ಮೈ ನೋಡಿದರೆ ಗೊರವಂಕದ ಗಾತ್ರ. ಕತ್ತು ಇಲ್ಲವೇನೋ ಅನ್ನುವಂತೆ ತಲೆ ಮೈಗೆ ಅಂಟಿಕೊಂಡಿರುತ್ತದೆ. ಕೊಂಬೆಯ ಮೇಲೆ ನೆಟ್ಟಗೆ ಕೂರುತ್ತದೆ, ಬಾಲ ನೇರ ಕೆಳಗೆ ಇಳಿಬಿದ್ದಿರುತ್ತದೆ. ಬಾಲದ ತುದಿ ಚೂಪಲ್ಲ, ಕತ್ತರಿಯಲ್ಲಿ ಅಡ್ಡಕ್ಕೆ ಕತ್ತರಿಸಿದ ಹಾಗೆ ಚಚ್ಚೌಕ. ನೆಟ್ಟಗಿನ ಮೈ, ಚಚ್ಚೌಕ ತುದಿಯ ಉದ್ದ ಬಾಲ: ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಬ್ಬು ಬೆಳಕಿನಲ್ಲೂ ಸಾಕು.

ಗಂಡಿನ ತಲೆ, ಕತ್ತು, ಎದೆ ಕಪ್ಪು. ಎದೆಯ ಕೆಳಗೆ ಒಂದು ಬಿಳಿ ಪಟ್ಟಿ. ಅದರ ಕೆಳಗೆ ಹೊಟ್ಟೆಯೆಲ್ಲ ಗುಲಾಬಿ ಬೆರೆತ ಕಡುಗೆಂಪು. ಕೊಕ್ಕು ನೀಲಿ, ಕಣ್ಣಿನ ಸುತ್ತಲ ಬರಿ ಚರ್ಮವೂ ನೀಲಿ. ರೆಕ್ಕೆಯ ಮೇಲೆ ಕಪ್ಪು ಬಿಳುಪಿನ ಸಣ್ಣ ಸಣ್ಣ ಗೆರೆಗಳು. ದೂರದಿಂದ ಅದು ಬೂದು ಬಣ್ಣದ ಹಾಗೆ ಕಾಣುತ್ತದೆ, ಬೈನಾಕ್ಯುಲರ್ ಹಿಡಿದರೆ ಗೆರೆ ಬೇರೆ ಬೇರೆಯಾಗುತ್ತವೆ. ಹೆಣ್ಣಿಗೆ ಕಪ್ಪೂ ಇಲ್ಲ, ಕೆಂಪೂ ಇಲ್ಲ. ತಲೆ, ಎದೆ ಕಂದು. ಹೊಟ್ಟೆ ಕಾವಿ ಬಣ್ಣಕ್ಕೆ ಹತ್ತಿರ. ಎಳೆಯ ಗಂಡೂ ಹೆಣ್ಣಿನ ಹಾಗೇ ಕಂದಾಗಿರುತ್ತದೆ. ಹೀಗಾಗಿ "ಕೆಂಪಿಲ್ಲ, ಆದ್ದರಿಂದ ಕಾಕರಣೆ ಅಲ್ಲ" ಎಂದು ತೀರ್ಮಾನಿಸಿದವರು ಅರ್ಧದಷ್ಟು ಹಕ್ಕಿಗಳನ್ನು ಬಿಟ್ಟುಬಿಡುತ್ತಾರೆ.

ಹಾರುವಾಗ ಬಾಲದ ಎರಡೂ ಅಂಚಿನ ಬಿಳಿ ಗರಿಗಳು ಥಟ್ಟನೆ ತೆರೆದುಕೊಳ್ಳುತ್ತವೆ. ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಅದೇ.

ಭಾರತದಲ್ಲಿ ಟ್ರೋಗನ್‌ಗಳು ಮೂರೇ ಜಾತಿ. ಕೆಂಪು ತಲೆಯ ಟ್ರೋಗನ್ ಮತ್ತು ವಾರ್ಡ್ಸ್ ಟ್ರೋಗನ್ ಎರಡೂ ಪೂರ್ವ ಹಿಮಾಲಯ, ಈಶಾನ್ಯದ ಕಡೆಯವು. ದಕ್ಷಿಣದಲ್ಲಿ ಇರುವುದು ಇದೊಂದೇ. ಅಂದರೆ "ಇದು ಯಾವ ಟ್ರೋಗನ್" ಅನ್ನುವ ತಲೆನೋವು ನಮಗಿಲ್ಲ. "ಇದು ಟ್ರೋಗನ್ ಹೌದೋ ಅಲ್ಲವೋ" ಅನ್ನುವುದಷ್ಟೇ ಪ್ರಶ್ನೆ. ಗ್ವಾಟೆಮಾಲಾದ ರಾಷ್ಟ್ರಪಕ್ಷಿ ಕೆಟ್ಜಾಲ್ ಕೂಡ ಇದೇ ಮನೆತನದ್ದು. ಹಸಿರು ಬಾಲ ಮಾರುದ್ದ ಬಿಟ್ಟುಕೊಂಡು ಮೆರೆಯುವ ಆ ನೆಂಟನ ಮುಂದೆ ನಮ್ಮದು ಸಂಕೋಚದ ಸ್ವಭಾವದ್ದು.

ಗೊಂದಲ ಆಗುವುದು ಹೆಚ್ಚಾಗಿ ಕೆಂಪು ಮಿನಿವೆಟ್ ಜೊತೆ. ಗಂಡು ಮಿನಿವೆಟ್‌ಗೂ ಕಪ್ಪು ತಲೆ, ಕೆಂಪು ಹೊಟ್ಟೆ. ಆದರೆ ಅದು ಮರದ ನೆತ್ತಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಒಂದು ಕ್ಷಣ ಸುಮ್ನೆ ಕೂರದೆ ಓಡಾಡುತ್ತದೆ, ಗಾತ್ರವೂ ಸಣ್ಣದು, ಬೆನ್ನೂ ಕಪ್ಪು. ಮಟಪಕ್ಷಿಯ ಬಾಲವೂ ಉದ್ದವೇ. ಅದು ಬಾಯಿ ಮುಚ್ಚುವುದೇ ಇಲ್ಲ, ಬೇಗ ಗೊತ್ತಾಗಿಬಿಡುತ್ತದೆ.

ಕೂಗು

ಇದಕ್ಕೆ ಮನೆಯಲ್ಲೇ ಒಂದು ವಾರ ಕೊಡಿ. ಕ್ಸೀನೋ-ಕ್ಯಾಂಟೋ ಜಾಲತಾಣದಲ್ಲಿ ಜಗತ್ತಿನ ಹಕ್ಕಿಗಳ ಕೂಗುಗಳನ್ನು ಪುಕ್ಕಟೆ ಕೇಳಬಹುದು. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲೂ ಇದೆ. ಸ್ಪೀಕರಿನಲ್ಲಿ ಜೋರಾಗಿ ಹಾಕಿ ಕಲಿತರೆ ಕಾಡಿನಲ್ಲಿ ಗುರುತು ಸಿಗುವುದಿಲ್ಲ. ಸೌಂಡ್ ಕಡಿಮೆ ಇಟ್ಟು, ಮೊಬೈಲನ್ನು ಪಕ್ಕದ ರೂಮಿನಲ್ಲಿ ಬಿಟ್ಟು ಕೇಳಿ. ಕಾಡಿನಲ್ಲಿ ಅದು ಬರುವುದು ಹಾಗೇ: ದೂರದಿಂದ, ಎಲೆಗಳನ್ನು ದಾಟಿಕೊಂಡು, ಬೇರೆ ಸದ್ದಿನ ಅಡಿಯಿಂದ.

ಕ್ಯಾವ್... ಕ್ಯಾವ್... ಕ್ಯಾವ್... ಕ್ಯಾವ್... ಕ್ಯಾವ್. ತಗ್ಗಿದ ದನಿ, ಸ್ವಲ್ಪ ಒರಟು, ಒಂದೇ ಅಳತೆಯ ಬಿಡುವು. ಐದಾರು ಸಲ ಕೂಗಿ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು. ಗಾಬರಿಯಾದಾಗ ಇದು ಬೇರೆ ಸದ್ದು ಮಾಡುತ್ತದೆ, ಕರ್‌ರ್‌ರ್ ಎಂದು ಗಂಟಲಲ್ಲೇ ಉರುಳಿಸುತ್ತಾ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ಆ ಸದ್ದು ಕೇಳಿಸಿದರೆ ನೀವು ಅದಕ್ಕೆ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ಯಾವುದರ ಜೊತೆ ಬೆರೆಸಿಕೊಳ್ಳಬಾರದು? ಮುಖ್ಯವಾಗಿ ಮೂರು. ಕುಟ್ರುಹಕ್ಕಿ ಬೆಳಗಿನಿಂದ ಬೈಗಿನವರೆಗೆ ಕುಟ್ರೂ ಕುಟ್ರೂ ಎಂದು ಹೊಡೆದುಕೊಳ್ಳುತ್ತಲೇ ಇರುತ್ತದೆ, ಅದಕ್ಕೆ ಬಿಡುವೇ ಇಲ್ಲ. ಪಾರಿವಾಳದ ಜಾತಿಯಲ್ಲಿ ನೆಲದ ಮೇಲೆ ಓಡಾಡುವ ಪಚ್ಚೆ ರೆಕ್ಕೆಯದು ಒಂದಿದೆ, ಎಮರಾಲ್ಡ್ ಡವ್. ಅದರದ್ದು ಊಂ... ಎಂಬ ನರಳಾಟ, ಮೂಗಿನಿಂದ ಬಂದ ಹಾಗೆ. ಕಾಡಿನ ಪುಟ್ಟ ಗೂಬೆ, ಜಂಗಲ್ ಔಲೆಟ್, ಹಗಲಲ್ಲೂ ಕೂಗುತ್ತದೆ. ನಿಧಾನವಾಗಿ ಆರಂಭಿಸಿ ಬರಬರುತ್ತಾ ವೇಗ ಹೆಚ್ಚಿಸುತ್ತದೆ. ಕಾಕರಣೆ ವೇಗ ಬದಲಿಸುವುದಿಲ್ಲ. ಹೊಸಬರು ಮೋಸ ಹೋಗುವುದು ಹೆಚ್ಚಾಗಿ ಈ ಗೂಬೆಯ ಮೊದಲ ನಾಲ್ಕು ದನಿಗಳಿಗೆ.

ಆ್ಯಪ್ ಬಗ್ಗೆ ಒಂದು ಮಾತು. ಮರ್ಲಿನ್ ದನಿ ಕೇಳಿ ಹೆಸರು ಹೇಳುತ್ತದೆ, ಅನುಮಾನವಿಲ್ಲ, ಉಪಕಾರಿ. ಆದರೆ ಜೀರುಂಡೆಗಳ ಕಿರುಚಾಟದ ನಡುವೆ ಇಂಥ ತಗ್ಗು ದನಿಯನ್ನು ಅದು ಹಿಡಿಯದೇ ಹೋಗಬಹುದು. ಪರದೆಯ ಮೇಲೆ ಹೆಸರು ಬಂದರೆ ಅದನ್ನು ಸುಳಿವು ಎಂದುಕೊಳ್ಳಿ, ಸಾಕ್ಷಿ ಎಂದುಕೊಳ್ಳಬೇಡಿ. ಬರಲಿಲ್ಲ ಎಂದು ಹಕ್ಕಿ ಇಲ್ಲವೆಂದೂ ಅಲ್ಲ. ಆ್ಯಪ್‌ಗೆ ಬೇಕಾದ ಭಾರತದ ಹಕ್ಕಿಗಳ ಪ್ಯಾಕನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಘಟ್ಟದಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ.

ಎಲ್ಲಿ, ಯಾವಾಗ

ನಿತ್ಯಹರಿದ್ವರ್ಣದ ಕಾಡು, ಅದಕ್ಕೆ ತಾಗಿದ ತೇವದ ಎಲೆ ಉದುರುವ ಕಾಡು, ನಡುವೆ ಬಿದಿರು ಮೆಳೆ. ಇದು ಅದರ ಜಾಗ. ಕಾಡು ಚೂರು ಚೂರಾದ ಕಡೆ ಈ ಹಕ್ಕಿ ನಿಲ್ಲುವುದಿಲ್ಲ. ಗೂಡಿಗೆ ಲಡ್ಡು ಹಿಡಿದ, ಅಂದರೆ ಕೊಳೆತು ಮೆತ್ತಗಾದ ಒಣ ಕೊರಡು ಬೇಕು, ನೆರಳು ಬೇಕು, ಹುಳು ಹುಪ್ಪಟೆ ಧಾರಾಳವಾಗಿ ಬೇಕು. ಬರೀ ಸಿಲ್ವರ್ ಓಕ್ ನೆಟ್ಟು ಗುಡಿಸಿ ಒರೆಸಿದಂತಿರುವ ತೋಟದಲ್ಲಿ ಇದನ್ನು ಹುಡುಕಿ ಹೊತ್ತು ಕಳೆಯಬೇಡಿ.

ಕರ್ನಾಟಕದಲ್ಲಿ ಮೊದಲ ಸಲ ಹುಡುಕುವವರಿಗೆ ನಾನು ಹೇಳುವುದು ದಾಂಡೇಲಿ ಹತ್ತಿರದ ಗಣೇಶಗುಡಿ. ಕಾಳಿ ನದಿ, ಸೂಪಾ ಅಣೆಕಟ್ಟಿನ ಸುತ್ತಲ ಕಾಡು. ಅಲ್ಲಿನ ಓಲ್ಡ್ ಮ್ಯಾಗಜಿನ್ ಹೌಸ್ ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಜಾಗ. ಊರಿನ ಹುಡುಗರೇ ಗೈಡ್‌ಗಳಾಗಿದ್ದಾರೆ. ಅವರ ಕಿವಿ ನಮ್ಮ ಲೆನ್ಸಿಗಿಂತ ಚುರುಕು. ಆಗುಂಬೆ, ಶರಾವತಿ ಕಣಿವೆ, ಕುದುರೆಮುಖದ ತಪ್ಪಲು, ಬಿಸಿಲೆ, ಕೊಡಗಿನ ಮಾಕುಟ್ಟ ಕಡೆಯ ಕಾಡು ಎಲ್ಲವೂ ಸರಿ. ಕೇರಳಕ್ಕೆ ಹೋಗುವವರಾದರೆ ತಟ್ಟೇಕಾಡ್: ಪೆರಿಯಾರ್ ದಂಡೆಯ 25 ಚದರ ಕಿ.ಮೀ.ಯ ಪುಟ್ಟ ಅಭಯಾರಣ್ಯ, ಸಲೀಂ ಅಲಿ ಅವರ ಹೆಸರಿನಲ್ಲಿದೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲೂ ಇದೇ ಹಕ್ಕಿ ಸಿಗುತ್ತದೆ. ವಿಜ್ಞಾನದ ಪುಸ್ತಕಕ್ಕೆ ಇದು ಮೊದಲು ಸೇರಿದ್ದೇ 1769ರಲ್ಲಿ, ಶ್ರೀಲಂಕಾದ ಹಕ್ಕಿ ಎಂದು.

ಕಾಲ ಎಂದರೆ ಡಿಸೆಂಬರಿನಿಂದ ಮೇ. ಅದರಲ್ಲೂ ಫೆಬ್ರವರಿ, ಮಾರ್ಚ್ ಮೇಲು. ಗೂಡು ಕಟ್ಟುವ ಕಾಲ ಆಗ ಶುರುವಾಗುವುದರಿಂದ ಕೂಗು ಜಾಸ್ತಿ. ಎಲೆ ಉದುರುವ ಕಾಡಿನಲ್ಲಿ ಮರಗಳು ಬೋಳಾಗಿ ನೋಟವೂ ಬಿಡಿಸಿಕೊಂಡಿರುತ್ತದೆ. ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಬೆಳಕು ಇರುವವರೆಗೆ. ಮಧ್ಯಾಹ್ನ ಊಟ ಮಾಡಿ ಮಲಗಿ. ಮಳೆಗಾಲದಲ್ಲಿ ಹಕ್ಕಿ ಅಲ್ಲೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೇ.

ಹುಲಿ ಮೀಸಲು, ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲ್ನಡಿಗೆ ಅಪರಾಧ. ಅದರ ಅಗತ್ಯವೂ ಇಲ್ಲ. ಕಾಡಿನ ಅಂಚಿನ ಮಣ್ಣುರಸ್ತೆ, ಊರಿಂದ ಊರಿಗೆ ಹೋಗುವ ದಾರಿಗಳಲ್ಲೇ ಈ ಹಕ್ಕಿ ಸಿಗುತ್ತದೆ. ಕಾಟಿ, ಆನೆ ಓಡಾಡುವ ಜಾಗದಲ್ಲಿ ಸ್ಥಳೀಯರು "ಇವತ್ತು ಬೇಡ" ಅಂದರೆ ಬೇಡ.

ಸಾಮಾನು, ಇಂಬಳ, ಉಣುಗು

ಬೈನಾಕ್ಯುಲರ್ ತೆಗೆದುಕೊಳ್ಳುವವರು 10 ಪಟ್ಟು ದೊಡ್ಡದು ತೋರಿಸುವುದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಕತ್ತಲೆ ಕಾಡಿಗೆ 8x42 ಮೇಲು, ಅಂದರೆ 8 ಪಟ್ಟು ದೊಡ್ಡದು ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ತಲುಪುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ಅಗಲ. 10x42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಮರದಡಿಯ ಮಬ್ಬಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ 8ರಲ್ಲಿ ನೋಟದ ಅಗಲ ಸಾಮಾನ್ಯವಾಗಿ ಜಾಸ್ತಿ, ಕೈ ನಡುಕ ಕಮ್ಮಿ. ಬಟ್ಟೆ ಮಾಸಲು ಹಸಿರೋ ಕಂದೋ ಇರಲಿ. ಸರಬರ ಸದ್ದು ಮಾಡುವ ಪ್ಲಾಸ್ಟಿಕ್ ಜಾಕೆಟ್ ರೂಮಲ್ಲೇ ಬಿಡಿ.

ತೇವ ಇರುವ ಕಡೆ ಇಂಬಳ, ಅಂದರೆ ಜಿಗಣೆ, ಇದ್ದೇ ಇರುತ್ತದೆ. ಇಂಬಳದ ಕಾಲುಚೀಲ ಹಾಕಿಕೊಳ್ಳಿ, ಹತ್ತಿದರೆ ಉಗುರಿನಿಂದ ಬಾಯಿಯ ಪಕ್ಕ ಸವರಿ ಬಿಡಿಸಿ, ಅಷ್ಟೇ. ಅದು ಕಿರಿಕಿರಿ, ಅಪಾಯವಲ್ಲ. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳು ಉಣುಗಿನ ವಿಷಯ ಹಾಗಲ್ಲ. ಮಲೆನಾಡಿನ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಡಿಸೆಂಬರ್‌ನಿಂದ ಮೇ ನಡುವೆಯೇ, ಅಂದರೆ ಹಕ್ಕಿ ನೋಡಲು ಹೇಳಿದ ಕಾಲದಲ್ಲೇ. ಹೋಗುವ ಊರಲ್ಲಿ ಕಾಯಿಲೆ ಇದೆಯಾ ಎಂದು ಮೊದಲೇ ವಿಚಾರಿಸಿ. ಇದ್ದರೆ ಬೇರೆ ಕಡೆ ಹೋಗಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಮೈಗೆ ಡೆಪಾ ಎಣ್ಣೆಯಂಥ ಉಣುಗು ಓಡಿಸುವ ಲೇಪ. ತರಗೆಲೆಯ ಮೇಲೆ ಕೂರಬೇಡಿ. ಸಂಜೆ ಬಂದು ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ವಾಪಸ್ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಎಂದು ಮರೆಯದೆ ಹೇಳಿ.

ಕಾಡಿನೊಳಗೆ

ಈಗ ಅಸಲಿ ಕೆಲಸ. ಇಬ್ಬರು, ಹೆಚ್ಚೆಂದರೆ ಮೂವರು ಹೋಗಿ. ಐವತ್ತು ಹೆಜ್ಜೆ ನಡೆಯಿರಿ, ಐದು ನಿಮಿಷ ನಿಲ್ಲಿ. ನಿಂತಾಗ ಮಾತು ಬೇಡ.

ಮಲೆನಾಡಿನ ಕಾಡು ಬಹಳ ಹೊತ್ತು ಖಾಲಿ ಖಾಲಿ ಅನ್ನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲಾ ಕಡೆ ಹಕ್ಕಿ. ಹತ್ತಾರು ಜಾತಿಯ ಹಕ್ಕಿಗಳು ಒಟ್ಟಾಗಿ ಹುಳು ಹಿಡಿಯುತ್ತಾ ಸಾಗುವ ಬೆರಕೆ ಗುಂಪು ಅದು. ಕಾಕರಣೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ, ಏಕೆಂದರೆ ಅದೂ ಆಗಾಗ ಈ ಗುಂಪಿಗೆ ಸೇರಿಕೊಳ್ಳುತ್ತದೆ. ಉಳಿದವು ಎಲೆ ಕೆದಕಿ ಅಲ್ಲಾಡಿಸಿದಾಗ ಎದ್ದೋಡುವ ಹುಳುಗಳು ಇದಕ್ಕೆ ಸುಲಭವಾಗಿ ಸಿಗುತ್ತವೆ.

ಗುಂಪು ಬರುವುದನ್ನು ಭೀಮರಾಜ ಹೇಳುತ್ತಾನೆ. ಬಾಲದ ತುದಿಯಲ್ಲಿ ಎರಡು ಬಿಲ್ಲೆ ತೂಗಾಡಿಸಿಕೊಂಡು, ಕಂಚಿನ ದನಿಯಲ್ಲಿ ಕೂಗುತ್ತಾ, ನಡುನಡುವೆ ಬೇರೆ ಹಕ್ಕಿಗಳ ಅಣಕ ಮಾಡುತ್ತಾ ಬರುತ್ತಾನೆ. ಆ ದನಿ ಕೇಳಿದ ಕಡೆಗೆ ಓಡಬೇಡಿ. ಗುಂಪು ಯಾವ ಕಡೆ ಸಾಗುತ್ತಿದೆ ನೋಡಿಕೊಂಡು, ಅದರ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಮರಕ್ಕೆ ಒರಗಿ ನಿಲ್ಲಿ. ಅದೇ ನಿಮ್ಮ ಹತ್ತಿರ ಬರುತ್ತದೆ.

ಗುಂಪು ಬಂದಾಗ ಎಲ್ಲರೂ ತಲೆ ಎತ್ತಿ ನೆತ್ತಿ ನೋಡುತ್ತಾರೆ. ಮಿನಿವೆಟ್, ಭೀಮರಾಜ, ಮರಕುಟುಕ ಎಲ್ಲ ಅಲ್ಲೇ ಗದ್ದಲ ಮಾಡುತ್ತಿರುತ್ತವೆ. ನೀವು ಕಣ್ಣನ್ನು ಕೆಳಗೆ ತನ್ನಿ. ನೆಲದ ಹಳುವಿಗಿಂತ ಮೇಲೆ, ಎಲೆಯ ಚಪ್ಪರಕ್ಕಿಂತ ಕೆಳಗೆ, ಮಧ್ಯದ ಆ ಖಾಲಿ ಜಾಗ ನೋಡಿ. ಅಲ್ಲಿ ಅಡ್ಡಕ್ಕೆ ಚಾಚಿದ ಬರಿ ಕೊಂಬೆ, ಕಾಡುಬಳ್ಳಿಯ ತೂಗು ಇರುತ್ತವೆ. ಕಾಕರಣೆ ಕೂರುವುದು ಅಂಥ ಕಡೆ. ಬೈನಾಕ್ಯುಲರ್ ಬೇಡ, ಬರಿಗಣ್ಣಲ್ಲೇ ಒಂದೊಂದು ಕೊಂಬೆಯನ್ನು ಬುಡದಿಂದ ತುದಿವರೆಗೆ ಓದಿಕೊಂಡು ಹೋಗಿ. ಅಡ್ಡ ಕೊಂಬೆಯಿಂದ ಕೆಳಗೆ ಇಳಿಬಿದ್ದ, ತುದಿ ಚಚ್ಚೌಕವಾದ ಏನಾದರೂ ಕಂಡರೆ ಅಲ್ಲಿ ನಿಲ್ಲಿ.

ಅದು ಬಹಳ ಹೊತ್ತು ಅಲುಗುವುದಿಲ್ಲ. ಮೈ ಹಾಗೇ ಇಟ್ಟು ತಲೆ ಮಾತ್ರ ನಿಧಾನಕ್ಕೆ ಪಕ್ಕಕ್ಕೆ, ಮೇಲಕ್ಕೆ, ಹಿಂದಕ್ಕೆ ತಿರುಗಿಸುತ್ತದೆ. ಒಮ್ಮೆ ತಲೆ ನಿಂತುಬಿಡುತ್ತದೆ. ಮುಂದಿನ ಕ್ಷಣ ಹಾರಿ, ಎಲೆಯ ಅಡಿಯಲ್ಲಿದ್ದ ಹಸಿರು ಕಂಬಳಿಹುಳುವನ್ನೋ ಕಡ್ಡಿಹುಳುವನ್ನೋ ಕಿತ್ತುಕೊಂಡು ಇನ್ನೊಂದು ಕೊಂಬೆಗೆ ಹೋಗಿ ಕೂರುತ್ತದೆ. ಹೊಸ ಕೊಂಬೆ ಸಾಮಾನ್ಯವಾಗಿ ದೂರವಿರುವುದಿಲ್ಲ. ಹಾರಿಹೋಯಿತು ಎಂದು ಗಾಬರಿಯಾಗಿ ನುಗ್ಗಿದರೆ ಕೆಟ್ಟಿತು. ಗಣೇಶಗುಡಿಯ ಗೈಡ್ ಹುಡುಗನೊಬ್ಬ ಹೇಳುತ್ತಿದ್ದ: "ಸರ್, ಓಡಬೇಡ್ರಿ. ಅದೆಲ್ಲೂ ಹೋಗಾಂಗಿಲ್ಲ. ಇಲ್ಲೇ ಕುಂತೈತಿ, ನೀವು ಸುಮ್ನೆ ನಿಲ್ರಿ." ಹಾಗೇ ನಿಂತರೆ ಸಾಕು, ಮುಂದಿನ ಹಾರಾಟದಲ್ಲಿ ಬಾಲದ ಬಿಳಿ ಮತ್ತೆ ಕಾಣಿಸುತ್ತದೆ.

ಗುಂಪು ಸಿಗದೆ ಬರೀ ಕೂಗು ಕೇಳಿದರೆ? ಕೂಗು ನಿಂತ ಮೇಲೆ ನಡೆಯಬೇಡಿ, ಕೂಗುತ್ತಿರುವಾಗಲೇ ನಾಲ್ಕು ಹೆಜ್ಜೆ ಇಡಿ. ನಿಂತಾಗ ನೀವೂ ನಿಲ್ಲಿ. ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಎರಡೂ ಕಿವಿಗೆ ಸಮವಾಗಿ ಕೇಳಿಸುವ ದಿಕ್ಕು ಹಿಡಿಯಿರಿ. ತಗ್ಗು ದನಿಯಾದ್ದರಿಂದ ಇರುವುದಕ್ಕಿಂತ ದೂರದಲ್ಲಿದೆ ಅನ್ನಿಸುತ್ತದೆ. ಎಷ್ಟೋ ಸಲ ಅದು ನಿಮ್ಮ ನೆತ್ತಿಯ ಹತ್ತಿರವೇ ಇರುತ್ತದೆ.

ಒಂದು ಕಂಡರೆ ಸುತ್ತ ಇನ್ನೊಂದನ್ನು ಹುಡುಕಿ. ಜೋಡಿಯಾಗಿ ಓಡಾಡುವುದು ಸಾಮಾನ್ಯ. ಮರಿಗಳೂ ಐದಾರು ತಿಂಗಳು ಅಪ್ಪ ಅಮ್ಮನ ಬೆನ್ನಿಗೇ ಇರುತ್ತವೆ.

ಕಂಡ ಮೇಲೆ

ಕೈ ಚಾಚಿ ತೋರಿಸಬೇಡಿ. "ಅಲ್ಲಿ, ಅಲ್ಲಿ" ಅಂದರೆ ಪಕ್ಕದವರಿಗೆ ಏನೂ ತಿಳಿಯುವುದೂ ಇಲ್ಲ. "ಎದುರಿನ ದಪ್ಪ ಮತ್ತಿಮರ, ಎಡಗಡೆಯ ಮೊದಲ ಕೊಂಬೆ, ಬಳ್ಳಿ ಸುತ್ತಿದ ಜಾಗದ ಕೆಳಗೆ" ಎಂದು ಪಿಸುಗುಟ್ಟಿ. ಕಣ್ಣನ್ನು ಹಕ್ಕಿಯಿಂದ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ಬಗ್ಗಿ ಬೈನಾಕ್ಯುಲರ್ ನೋಡಿಕೊಂಡು ಮತ್ತೆ ತಲೆ ಎತ್ತಿದರೆ ಕೊಂಬೆ ತಪ್ಪಿಹೋಗುತ್ತದೆ.

ಬೆನ್ನು ಮಾತ್ರ ಕಾಣುತ್ತಿದ್ದರೆ ನೇರ ಹತ್ತಿರ ಹೋಗದೆ, ಅರ್ಧಚಂದ್ರಾಕಾರದಲ್ಲಿ ದೂರದಿಂದಲೇ ಸುತ್ತು ಹಾಕಿ. ಕಾಲು ಕಾಣುವಷ್ಟು ಅದೃಷ್ಟ ಇದ್ದರೆ ಗಮನಿಸಿ. ಮರಕುಟುಕಕ್ಕೂ ಎರಡು ಬೆರಳು ಮುಂದೆ, ಎರಡು ಹಿಂದೆ. ಟ್ರೋಗನ್‌ಗೂ ಹಾಗೇ, ಆದರೆ ಹಿಂದಕ್ಕೆ ತಿರುಗಿರುವ ಬೆರಳುಗಳು ಬೇರೆ: ಮರಕುಟುಕದಲ್ಲಿ ಒಂದನೆಯದು, ನಾಲ್ಕನೆಯದು, ಇದರಲ್ಲಿ ಒಂದನೆಯದು, ಎರಡನೆಯದು. ಟ್ರೋಗನ್ ಬಿಟ್ಟು ಬೇರೆ ಯಾವ ಹಕ್ಕಿಗೂ ಇಂಥ ಕಾಲಿಲ್ಲ. ಬೈನಾಕ್ಯುಲರಿನಲ್ಲಿ ಬೆರಳು ಎಣಿಸಲು ಆಗುವುದಿಲ್ಲ ಬಿಡಿ. ಗರಿಗಳ ಮರೆಯಲ್ಲಿ ಕಾಲೇ ಸರಿಯಾಗಿ ಕಾಣುವುದಿಲ್ಲ.

ಫೋಟೊ ತೆಗೆಯುವವರಿಗೆ: ಹಕ್ಕಿ ಅಲುಗದ ಕಾರಣ ಶಟರ್ ನಿಧಾನ ಇಟ್ಟರೂ ನಡೆಯುತ್ತದೆ, ಲೆನ್ಸಿಗೆ ಆಸರೆ ಇರಲಿ. ಸೆಕೆಂಡಿನ 125ನೇ ಒಂದು ಭಾಗದಲ್ಲಿ ಒಳ್ಳೆಯ ಚಿತ್ರ ಬರುತ್ತದೆ. ಚಿತ್ರದಲ್ಲಿ ಕೆಂಪು ಬೇಗ ಅತಿಯಾಗಿ ಬೆಳಗಿ ವಿವರ ಕಳೆದುಕೊಳ್ಳುತ್ತದೆ, ಎಕ್ಸ್‌ಪೋಷರ್ ಒಂಚೂರು ಇಳಿಸಿ. ಫ್ಲ್ಯಾಶ್ ಬೇಡ.

ಗೂಡು, ಮತ್ತು ಮೊಬೈಲಿನ ಕೂಗು

ಲಡ್ಡಾದ ಗಿಡ್ಡ ಕೊರಡಿನಲ್ಲಿ ಗಂಡು ಹೆಣ್ಣು ಎರಡೂ ಸೇರಿ ಕೊಕ್ಕಿನಿಂದ ಕೊರೆದು ಗೂಡು ಮಾಡುತ್ತವೆ. ಸುಮಾರು ಒಂದು ತಿಂಗಳ ಕೆಲಸ. ಒಳಗೆ ಹಾಸಿಗೆ ಏನೂ ಇಲ್ಲ, ಮರದ ಪುಡಿಯೇ ಹಾಸಿಗೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಎರಡೂವರೆ ವಾರ ಕಾವು. ಇಷ್ಟೆಲ್ಲ ಮನುಷ್ಯರ ಕೈಗೆಟುಕುವ ಎತ್ತರದಲ್ಲೇ ನಡೆದಿರಬಹುದು. ಗೂಡು ಕಣ್ಣಿಗೆ ಬಿದ್ದರೆ ನಿಲ್ಲದೆ ಮುಂದೆ ಹೋಗಿ. ಫೋಟೊ, ಲೊಕೇಶನ್ ಯಾವ ವಾಟ್ಸ್ಆ್ಯಪ್ ಗುಂಪಿಗೂ ಬೇಡ. ಭಾನುವಾರ ಬರುವ ಹೊತ್ತಿಗೆ ಅಲ್ಲಿ ಇಪ್ಪತ್ತು ಟ್ರೈಪಾಡ್ ನಿಂತಿರುತ್ತವೆ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಈಗ ಮಾಮೂಲಾಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಎಂದು ಹಕ್ಕಿ ಗೂಡು, ಊಟ ಬಿಟ್ಟು ಜಗಳಕ್ಕೆ ಬರುತ್ತದೆ. ಕೆಲವು ಕಾಡುಗಳಲ್ಲಿ ನಿಷೇಧವೂ ಇದೆ. ಕಲಿತ ಕೂಗು ಕೇಳಿಸಿಕೊಳ್ಳುವುದಕ್ಕೆ ಇರಲಿ.

ಬರೆದಿಡಿ

ಪುಸ್ತಕ, ಆ್ಯಪ್ ತೆರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪುಸ್ತಕ ನೋಡಿದ ಮೇಲೆ ಕಾಣದ ಬಿಳಿ ಪಟ್ಟಿಯೂ ಕಂಡಿತ್ತು ಅನ್ನಿಸತೊಡಗುತ್ತದೆ. ಹೊತ್ತು, ಜಾಗ, ನೆಲದಿಂದ ಎಷ್ಟು ಎತ್ತರ, ಎದೆ ಕಪ್ಪೋ ಕಂದೋ, ಒಂಟಿಯೋ ಜೋಡಿಯೋ, ಯಾವ ಹಕ್ಕಿಗಳ ಜೊತೆಗಿತ್ತು, ಏನು ತಿಂದಿತು. ಆಮೇಲೆ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿ. ಕೂಗು ಮಾತ್ರ ಕೇಳಿದ್ದರೆ "ಕೇಳಿದ್ದು" ಎಂದೇ ನಮೂದಿಸಿ, ಮೊಬೈಲಿನಲ್ಲಿ ಅರ್ಧ ನಿಮಿಷದ ರೆಕಾರ್ಡಿಂಗ್ ಇದ್ದರೆ ಜೊತೆಗೆ ಸೇರಿಸಿ. ಹುಡುಕಿದರೂ ಸಿಗದ ದಿನದ ಪಟ್ಟಿಯನ್ನೂ ಹಾಕಿ, ಯಾವ ಕಾಡಿನಲ್ಲಿ ಇದು ಇಲ್ಲ ಅನ್ನುವುದು ತಿಳಿಯುವುದು ಅಂಥ ಪಟ್ಟಿಗಳಿಂದಲೇ. ಹೆಣ್ಣು ಹಕ್ಕಿಯ ದಾಖಲೆ, ಫೋಟೊ ಗಂಡಿನದಕ್ಕಿಂತ ಕಮ್ಮಿ ಬರುತ್ತವೆ. ನಿಮಗೆ ಕಂಡದ್ದು ಕಂದು ಬಣ್ಣದ್ದಾದರೆ ಅದನ್ನು ಮೊದಲು ಹಾಕಿ.